ಮನೆಮಾತಿಗೂ ಒಂದು ಜಾಗ
(ಸುವರ್ಣ ಮಹೋತ್ಸವ ಸಮಾರಂಭದಲ್ಲಿ ಹಳೆ ವಿದ್ಯಾರ್ಥಿಯೊಬ್ಬರು ಮಾಡಿದ ಭಾಷಣ)



ಈ ಶಾಲೆಗೆ ನಾನು ಎಂಟನೇ ತರಗತಿಗೆ ಬಂದಾಗ ಮನೆಯಲ್ಲಿ ತುಳು, ತರಗತಿಯಲ್ಲಿ ಕನ್ನಡ. ಒಮ್ಮೆ ಪ್ರಬಂಧದಲ್ಲಿ ‘ಏಣೆಲ್ ಬೆಳೆ’ ಎಂದು ಬರೆದಿದ್ದೆ. ಕನ್ನಡ ಮಾಸ್ಟ್ರು ಅದನ್ನು ಹೊಡೆದುಹಾಕಲಿಲ್ಲ. ಪಕ್ಕದಲ್ಲಿ ‘ಮಳೆಗಾಲದ ಭತ್ತದ ಬೆಳೆ’ ಎಂದು ಬರೆದು, “ಎರಡೂ ನೆನಪಿರಲಿ” ಎಂದರು. ಇಂದು ಕಂಪ್ಯೂಟರ್ ಕೆಲಸದಲ್ಲಿರುವ ನನಗೆ ಆ ಮಾತಿನ ಬೆಲೆ ತಿಳಿಯುತ್ತಿದೆ.

ನನ್ನ ಅಮ್ಮನಿಗೆ ಓದು ಬಾರದು. ಮಾತಾಡಿದರೆ ಫೋನೇ ಬರೆದುಕೊಳ್ಳುತ್ತದೆ ಎಂದು ತೋರಿಸಿಕೊಟ್ಟೆ. ಅವರು ತುಳುವಿನಲ್ಲಿ ಮಾತಾಡಿದರು. ಫೋನು ಅದನ್ನು ಕನ್ನಡವೆಂದು ತಿಳಿದು ಏನೇನೋ ಬರೆಯಿತು. “ಇದಕ್ಕೆ ನಮ್ಮ ಮಾತು ಬರುವುದಿಲ್ಲವಾ?” ಎಂದು ಕೆಳಗಿಟ್ಟರು.

2011ರ ಜನಗಣತಿಯಂತೆ ತುಳು ಮಾತಾಡುವವರು 18 ಲಕ್ಷಕ್ಕೂ ಹೆಚ್ಚು. ಆದರೆ ಕಂಪ್ಯೂಟರ್ ಕಲಿಯುವುದು ಜನರ ಲೆಕ್ಕದಿಂದಲ್ಲ, ಬರಹದಿಂದ ಮತ್ತು ದಾಖಲಾದ ಧ್ವನಿಯಿಂದ.

ಕೆಲಸ ಆಗಿಲ್ಲವೆಂದಲ್ಲ. 2016ರಲ್ಲಿ ತುಳು ವಿಕಿಪೀಡಿಯ ಶುರುವಾಯಿತು. 2024ರಲ್ಲಿ ಗೂಗಲ್ ಅನುವಾದಕ್ಕೆ ತುಳು ಸೇರಿತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಯೂನಿಕೋಡ್‌ನ 16ನೇ ಆವೃತ್ತಿ ತುಳು-ತಿಗಳಾರಿ ಲಿಪಿಯ 80 ಅಕ್ಷರ ಮತ್ತು ಚಿಹ್ನೆಗಳಿಗೆ ಸಂಖ್ಯೆ ಕೊಟ್ಟಿತು. ಒಂದು ಕಂಪ್ಯೂಟರಿನಲ್ಲಿ ಬರೆದ ಅಕ್ಷರ ಇನ್ನೊಂದರಲ್ಲಿ ಬೇರೆಯಾಗದಂತೆ ಕಾಯುವುದು ಈ ಸಂಖ್ಯೆಯೇ.

ಇಷ್ಟರಿಂದಲೇ ಯಂತ್ರಕ್ಕೆ ತುಳು ಬಾರದು. ‘ಯಾನ್ ಬತ್ತೆ’ ಎಂದರೆ ನಾನು ಬಂದೆ. ‘ಆಯೆ ಬತ್ತೆ’ ಎಂದರೆ ಅವನು ಬಂದ. ಕೊನೆಯ ಸ್ವರ ಬಾಯಲ್ಲಿ ಬೇರೆ ಬೇರೆ, ಕನ್ನಡ ಲಿಪಿಯಲ್ಲಿ ಬರೆದರೆ ಒಂದೇ. ಬರೀ ‘ಬತ್ತೆ’ ಎಂದಿದ್ದರೆ ಬಂದವರು ಯಾರೆಂದು ಹಿಂದುಮುಂದಿನ ಮಾತಿನಿಂದಲೇ ತಿಳಿಯಬೇಕು. ಅದಕ್ಕೆ ಯಂತ್ರದ ಮುಂದೆ ಸಾವಿರಾರು ವಾಕ್ಯಗಳಿರಬೇಕು. ಅವನ್ನು ಬರೆಯುವವರು ಯಾರು?

ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಡಾ. ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ತುಳು ನಿಘಂಟು ಆರು ಸಂಪುಟಗಳಲ್ಲಿ ಬಂತು. ಆ ಸಂಪುಟಗಳಿಗೆ ಪದ ಕೊಟ್ಟದ್ದು ನಮ್ಮಂಥ ಊರುಗಳ ಬಾಯಿಮಾತು ಮತ್ತು ಪಾಡ್ದನಗಳು. ಮುಂದಿನ ಕೆಲಸವೂ ಊರಿನಿಂದಲೇ ಆಗಬೇಕು.

ಮಕ್ಕಳಲ್ಲಿ ನನ್ನದೊಂದು ಕೋರಿಕೆ. ವಾಟ್ಸಾಪಿನಲ್ಲಿ ತುಳುವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯಬೇಡಿ. ಒಂದೇ ಪದವನ್ನು ಹತ್ತು ಜನ ಹತ್ತು ರೀತಿ ಬರೆಯುತ್ತಾರೆ. ಕನ್ನಡ ಲಿಪಿಯಲ್ಲಿ ಬರೆಯಿರಿ, ತುಳು ಲಿಪಿಯನ್ನೂ ಕಲಿಯಿರಿ. ಅಜ್ಜಿಯ ಒಪ್ಪಿಗೆ ಕೇಳಿ, ನೇಜಿ ನೆಡುವಾಗಿನ ಹಾಡನ್ನು ಫೋನಿನಲ್ಲಿ ದಾಖಲಿಸಿ, ಕೇಳಿದ್ದನ್ನು ಬರೆದಿಡಿ. ಮನೆಯಲ್ಲಿ ಕೊಂಕಣಿ, ಬ್ಯಾರಿ, ಕೊರಗ ಭಾಷೆ ಆಡುವವರು ನಿಮ್ಮ ಮಾತಿನಲ್ಲೇ ಇದನ್ನು ಮಾಡಿ. ಶಾಲೆಯ ಕಂಪ್ಯೂಟರ್ ಕೋಣೆಯಲ್ಲಿ ವಾರಕ್ಕೊಂದು ಗಂಟೆ ಇದಕ್ಕಾಗಿ ಸಿಕ್ಕರೆ, ರಜೆಯಲ್ಲಿ ಬಂದು ಹೇಳಿಕೊಡಲು ನಾನು ಸಿದ್ಧ.

ಎರಡೂ ನೆನಪಿರಲಿ ಎಂದ ಮಾಸ್ಟ್ರಿಗೆ ನಾನು ಕೊಡಬಹುದಾದ ಗುರುದಕ್ಷಿಣೆ ಇದೇ.