ಮೊದಲ ಗಂಟೆಯ ಲೆಕ್ಕ

ವೈದ್ಯಮಿತ್ರರೇ, ನಮ್ಮೆಲ್ಲರಿಗಿಂತ ಹೆಚ್ಚು ಹೆರಿಗೆ ಕಂಡಿರುವ ಸಿಸ್ಟರ್‌ಗಳೇ,

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೂತು ತಾಯಿ–ಮಗುವಿನ ಆರೋಗ್ಯದ ಮಾತೆತ್ತಿದರೆ ಮೊದಲು ನೆನಪಾಗುವುದು ವಾಣಿವಿಲಾಸ. 1935ರಲ್ಲಿ ಬಾಗಿಲು ತೆರೆದ ಆ ಆಸ್ಪತ್ರೆ ಇಲ್ಲಿಂದ ನಡೆದು ಹೋಗುವಷ್ಟು ದೂರ. ಈ ಸಭೆಯಲ್ಲೂ ಅಲ್ಲಿ ಹುಟ್ಟಿದವರು ಇದ್ದೀರಿ. ಆದರೂ ನಾನು ಬೆಳಗಾವಿಯಿಂದ ಶುರು ಮಾಡುತ್ತೇನೆ.

2002ರಿಂದ 2005ರವರೆಗೆ ಅಲ್ಲಿನ ಜೆ.ಎನ್. ವೈದ್ಯಕೀಯ ಕಾಲೇಜಿನ ಡಾ. ಭಾಲಚಂದ್ರ ಕೊಡ್ಕಣಿ, ಡಾ. ಶಿವಪ್ರಸಾದ ಗೌಡರ ಮತ್ತು ಅವರ ಅಮೆರಿಕದ ಸಂಗಡಿಗರು ಹಳ್ಳಿಗಾಡಿನ 1,620 ಹೆರಿಗೆಗಳಲ್ಲಿ ಒಂದು ಪರೀಕ್ಷೆ ನಡೆಸಿದರು. ಹೆರಿಗೆಯಾದ ಕೂಡಲೇ ನುಂಗಿಸುವ ಮಿಸೊಪ್ರೊಸ್ಟಾಲ್ ಮಾತ್ರೆ ರಕ್ತಸ್ರಾವ ತಡೆದೀತೇ? ಅದಕ್ಕೆ ಸಾಮಾನ್ಯವಾಗಿ ಕೊಡುವ ಆಕ್ಸಿಟೋಸಿನ್‌ಗೆ ಸೂಜಿ ಬೇಕು, ತಂಪು ಬೇಕು; ಮಾತ್ರೆಗೆ ಎರಡೂ ಬೇಡ. ಹೆರಿಗೆ ಮಾಡಿಸಿದವರು ಎಎನ್‌ಎಂ ಸಿಸ್ಟರ್‌ಗಳು. ಬರೀ ಹುಸಿ ಮಾತ್ರೆ ಪಡೆದವರಲ್ಲಿ ನೂರಕ್ಕೆ 12 ಮಂದಿಗೆ ಅತಿಸ್ರಾವವಾಯಿತು, ಔಷಧ ಪಡೆದವರಲ್ಲಿ 6.4. 2006ರಲ್ಲಿ ‘ಲ್ಯಾನ್ಸೆಟ್’ ಇದನ್ನು ಪ್ರಕಟಿಸಿತು.

ಮಾತ್ರೆಗಿಂತ ನನಗೆ ಹೆಚ್ಚು ಮೆಚ್ಚಿಗೆಯಾದದ್ದು ಅವರು ಬಳಸಿದ ಪ್ಲಾಸ್ಟಿಕ್ ಹಾಳೆ. ಬಾಣಂತಿಯ ಸೊಂಟದಡಿ ಹಾಸಿದರೆ ರಕ್ತ ಜಾರಿ ತುದಿಯ ಚೀಲದಲ್ಲಿ ಕೂಡುತ್ತದೆ. ಚೀಲದ ಮೇಲೆ ಅಳತೆಯ ಗೆರೆಗಳು. ನೆಂದ ಬಟ್ಟೆ ನೋಡಿ ‘ಸ್ವಲ್ಪ ಜಾಸ್ತಿನೇ ಹೋಗಿದೆ’ ಎನ್ನುವ ಕಣ್ಣಂದಾಜಿಗೆ ಅಲ್ಲಿ ಜಾಗವಿಲ್ಲ. 500 ಮಿಲಿಲೀಟರ್ ದಾಟಿತೆಂದರೆ ದಾಟಿತು, ಅಷ್ಟೆ.

ಎದೆಹಾಲಿನ ವಿಷಯದಲ್ಲಿ ನಾವಿನ್ನೂ ಕಣ್ಣಂದಾಜಿನಲ್ಲೇ ಇದ್ದೇವೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಗಳಲ್ಲೇ ಆಗುತ್ತಿದ್ದವು. ಹುಟ್ಟಿದ ಗಂಟೆಯೊಳಗೆ ಎದೆಹಾಲು ಸಿಕ್ಕ ಮಕ್ಕಳು ಮಾತ್ರ 49. ಹಿಂದಿನ ಸಮೀಕ್ಷೆಯಲ್ಲಿ ಇದು 56 ಇತ್ತು. ಆಸ್ಪತ್ರೆ ಹೆರಿಗೆ ಹೆಚ್ಚಿತು, ಮೊದಲ ಗಂಟೆಯ ಹಾಲು ಕಡಿಮೆಯಾಯಿತು!

ದೂರು ಎಂದಿನಂತೆ ಅಜ್ಜಿಯರ ಮೇಲೆ: ಜೇನು ನೆಕ್ಕಿಸುತ್ತಾರೆ, ಗಿಣ್ಣುಹಾಲು ಹಿಂಡಿ ಚೆಲ್ಲಿಸುತ್ತಾರೆ. ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಆ ಮೊದಲ ಗಂಟೆಯಲ್ಲಿ ಬಸವನಗುಡಿಯ ಅಜ್ಜಿ ಫ್ಲಾಸ್ಕ್ ಹಿಡಿದು ಬಾಗಿಲಾಚೆ ನಿಂತಿರುತ್ತಾರೆ. ಒಳಗಿರುವವರು ನಾವು. ಅದೇ ಎರಡು ಸಮೀಕ್ಷೆಗಳ ನಡುವೆ ಸಿಸೇರಿಯನ್ ನೂರಕ್ಕೆ 23.6ರಿಂದ 31.5ಕ್ಕೆ ಏರಿತು. ತಾಯಿಗೆ ಹೊಲಿಗೆ ಬೀಳುತ್ತಿರುವಾಗ ನಾವು ಮಗುವನ್ನು ಒರೆಸಿ, ತೂಗಿ, ಕೈಗೆ ಪಟ್ಟಿ ಕಟ್ಟಿ ವಾರ್ಮರ್ ಕೆಳಗೆ ಮಲಗಿಸುತ್ತೇವೆ. ಬೆನ್ನಿಗೆ ಅರಿವಳಿಕೆ ಕೊಟ್ಟ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಅಲ್ಲಿ ಹೆಚ್ಚಿನ ಸಲ ಅಡ್ಡಿ ನಮ್ಮ ಕೆಲಸದ ಕ್ರಮವೇ ಹೊರತು ಔಷಧವಲ್ಲ.

ಕಣ್ಣಂದಾಜು ಎಂದೆನಲ್ಲ, ಕೇಸ್ ಶೀಟು ನೋಡಿ. ಹುಟ್ಟಿದ ಸಮಯ ನಿಮಿಷದ ಮಟ್ಟಿಗೆ ಇರುತ್ತದೆ. ಜಾತಕ ಬರೆಸಲು ಮನೆಯವರೂ ಅದನ್ನು ಕೇಳಿ ಗುರುತು ಹಾಕಿಕೊಳ್ಳುತ್ತಾರೆ. ತೂಕ ಗ್ರಾಮ್ ಲೆಕ್ಕದಲ್ಲಿ. ಎದೆಹಾಲಿನ ಸಾಲಿಗೆ ಬಂದರೆ ‘ಹೌದು–ಇಲ್ಲ’ದ ಒಂದು ಟಿಕ್, ಅದೂ ಎಷ್ಟೋ ಸಲ ಡಿಸ್ಚಾರ್ಜ್ ದಿನ ಕೂತು ಹಾಕಿದ್ದು. ಅಂಥ ಟಿಕ್ಕಿನ ಮೇಲೆ ಪ್ರಬಂಧ ಬರೆಯಬಹುದು, ವಾರ್ಡ್ ಬದಲಾಗುವುದಿಲ್ಲ.

ಈ ಗೋಷ್ಠಿಯಲ್ಲಿ ಒಳ್ಳೆಯ ಪ್ರಬಂಧಗಳಿವೆ, ಚರ್ಚೆ ನಡೆಯಲಿ. ಅದರ ಜೊತೆಗೆ ನನ್ನದೊಂದು ಕೋರಿಕೆ: ನಿಮ್ಮ ನಿಮ್ಮ ಹೆರಿಗೆ ವಾರ್ಡಿನ ರಿಜಿಸ್ಟರಿನಲ್ಲಿ ಬರುವ ಸೋಮವಾರದಿಂದ ಎರಡು ಕಾಲಂ ಎಳೆಯಿರಿ. ಮಗುವನ್ನು ಮೊದಲು ಎದೆಗೆ ಹಚ್ಚಿದ ಗಂಟೆ–ನಿಮಿಷ ಒಂದು, ತಡವಾಗಿದ್ದರೆ ಕಾರಣ ಇನ್ನೊಂದು. ಪಕ್ಕದಲ್ಲಿದ್ದ ಸಿಸ್ಟರ್ ಆಗಲೇ ಬರೆಯಲಿ. ಆ ಪುಟಗಳನ್ನು ತಿಂಗಳಿಗೊಮ್ಮೆ ಹೆರಿಗೆ ವೈದ್ಯರು, ಮಕ್ಕಳ ವೈದ್ಯರು, ಅರಿವಳಿಕೆ ವೈದ್ಯರು ಒಟ್ಟಿಗೆ ಕೂತು ಓದಿ.