ಹುಡುಗನಿಗೆ ಏನು ಕೆಲಸ?

ನಿಮ್ಮ ಮನೆಗೆ ಹೆಣ್ಣಿನ ಕಡೆಯವರು ಬಂದು ಕುಳಿತಿದ್ದಾರೆ ಎಂದಿಟ್ಟುಕೊಳ್ಳಿ. ಉಪ್ಪಿಟ್ಟು, ಕೇಸರಿಬಾತು ಆಗಿವೆ. ಗೋತ್ರ ನಕ್ಷತ್ರಗಳ ವಿಚಾರವೂ ಮುಗಿದಿದೆ. ಆಗ ಹಿರಿಯರೊಬ್ಬರು ಕಾಫಿಯ ಲೋಟವನ್ನು ಕೆಳಗಿಟ್ಟು, "ಹುಡುಗನಿಗೆ ಏನು ಕೆಲಸ?" ಎನ್ನುತ್ತಾರೆ. "ವಿಡಿಯೋ ಗೇಮ್ ಕಂಪನಿಯಲ್ಲಿದ್ದಾನೆ" ಎಂದು ನೀವು ಹೇಳುತ್ತೀರಿ. ಅನಂತರ ಆ ಕೋಣೆಯಲ್ಲಿ ಕವಿಯುವ ಮೌನವನ್ನು ನಾನು ಬಲ್ಲೆ. ಬಸವೇಶ್ವರನಗರದ ಒಂದು ಮನೆಯಲ್ಲಿ, ಹುಡುಗನಿಗೆ ಹಿಂದೆ ಕನ್ನಡ ಕಲಿಸಿದ ಮೇಷ್ಟ್ರೆಂಬ ಸಲುಗೆಯಿಂದ, ನಾನೂ ಆ ಮೌನದ ನಡುವೆ ಕುಳಿತಿದ್ದೆ.

ಹಿರಿಯರು ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ನೇರವಾಗಿಯೇ ಕೇಳಿದರು: "ಅಂದರೆ, ಫೋನಿನಲ್ಲಿ ರಮ್ಮಿ ಆಡಿಸೋದಲ್ಲವೆ?"

ಅವರ ಸಂಶಯಕ್ಕೆ ಆಧಾರವಿಲ್ಲವೆಂದು ಹೇಳಲಾರೆ. ಫೋನಿನಲ್ಲಿ ಹಣವೊಡ್ಡಿ ಆಡಿ ಸಂಬಳ, ಒಡವೆ, ಮಾನ ಎಲ್ಲವನ್ನೂ ಕಳೆದುಕೊಂಡವರು ನಮ್ಮ ಬಡಾವಣೆಗಳಲ್ಲಿ ಉಂಟು. ಪಗಡೆಗೆ ರಾಜ್ಯವನ್ನು ಒಡ್ಡಿದ ಧರ್ಮರಾಯನ ಕಥೆಯನ್ನು ವರ್ಷ ವರ್ಷವೂ ಪಾಠ ಹೇಳುವ ನನಗೆ ಇದು ಹೊಸದಲ್ಲ. ೨೦೨೫ರ ಆಗಸ್ಟಿನಲ್ಲಿ ನಮ್ಮ ಸಂಸತ್ತು ಹಣವೊಡ್ಡುವ ಆನ್‌ಲೈನ್ ಆಟಗಳನ್ನೆಲ್ಲ ನಿಷೇಧಿಸುವ ಕಾಯಿದೆಯನ್ನು ಮಾಡಿತು. ಪಣವಿಲ್ಲದ ಆಟಗಳನ್ನು ಪ್ರೋತ್ಸಾಹಿಸಬೇಕೆಂಬ ಮಾತೂ ಅದೇ ಕಾಯಿದೆಯಲ್ಲಿದೆ. ನಮ್ಮ ಹುಡುಗ ಈ ಎರಡನೆಯ ಪಂಗಡಕ್ಕೆ ಸೇರಿದವನು. ಇಷ್ಟನ್ನು ನಾನು ಹೇಳಿದೆ. ಹಿರಿಯರು, "ಸರಿ, ಜೂಜಲ್ಲ. ಮತ್ತೇನು ಮಾಡುತ್ತಾರೆ?" ಎಂದರು.

ಅವನು ಚಕ್ರ ಮಾಡುತ್ತಾನೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹುಡುಗನ ತಂದೆಗೆ ಕಾಮಾಕ್ಷಿಪಾಳ್ಯದಲ್ಲಿ ಎರಡು ಲೇತುಗಳ ಒಂದು ಸಣ್ಣ ಶೆಡ್ಡು ಉಂಟು. ದೊಡ್ಡ ಕಾರ್ಖಾನೆಗಳು ನಕ್ಷೆ ಕಳಿಸುತ್ತವೆ. ಇವರು ಬುಷ್ಷೋ ನಟ್ಟೋ ಕಡೆದು ಕಳಿಸುತ್ತಾರೆ. ಅದಕ್ಕೆ ಜಾಬ್ ವರ್ಕ್ ಎಂದು ಹೆಸರು. ಮಗನದೂ ಜಾಬ್ ವರ್ಕೇ. ಹೊರದೇಶದ ದೊಡ್ಡ ಕಂಪನಿಯೊಂದು ಆಟವನ್ನು ಕಲ್ಪಿಸುತ್ತದೆ. ಆ ಆಟದೊಳಗಿನ ಊರಿಗೆ ಬೇಕಾದ ಲಾರಿ, ದೀಪದ ಕಂಬ, ಕುರ್ಚಿ, ಬಾಗಿಲುಗಳನ್ನು ಹಂಚಿ ಹಂಚಿ ಬೇರೆ ಬೇರೆ ಊರುಗಳಲ್ಲಿ ಮಾಡಿಸುತ್ತದೆ. ಅಂಥ ಊರುಗಳಲ್ಲಿ ನಮ್ಮದೂ ಒಂದು.

ಈ ಕಸುಬು ಬೆಂಗಳೂರಿಗೆ ನಿನ್ನೆ ಮೊನ್ನೆ ಬಂದದ್ದಲ್ಲ. ರಾಜೇಶ್ ರಾವ್ ಅವರು ಇಲ್ಲಿ ಧ್ರುವ ಇಂಟರಾಕ್ಟಿವ್ ಎಂಬ ಕಂಪನಿಯನ್ನು ಕಟ್ಟಿದ್ದು ೧೯೯೭ರಲ್ಲಿ. ಫ್ರಾನ್ಸಿನ ಇನ್ಫೋಗ್ರಾಮ್ಸ್ ಕಂಪನಿಗಾಗಿ ‘ಮಿಷನ್ ಇಂಪಾಸಿಬಲ್’ ಆಟದ ಕೆಲಸವನ್ನು ಅವರು ಮೊದಮೊದಲಿಗೇ ಹಿಡಿದರು. ಮುಂದೆ ‘ಫೋರ್ಜಾ ಹೊರೈಜನ್’ ಎಂಬ ಕಾರಿನ ಪಂದ್ಯದ ಆಟಕ್ಕೂ ಅವರ ಕೈ ತಗುಲಿತು. ೨೦೧೯ರಲ್ಲಿ ಆ ಕಂಪನಿಯನ್ನು ರಾಕ್‌ಸ್ಟಾರ್ ಗೇಮ್ಸ್ ಕೊಂಡಿತು. ಪ್ಲೇಸಿಂಪಲ್ ಎಂಬ ಇನ್ನೊಂದು ಬೆಂಗಳೂರಿನ ಕಂಪನಿ ಇಂಗ್ಲಿಷ್ ಪದಬಂಧಗಳನ್ನು ಮಾಡಿಯೇ ಹೆಸರಾಗಿ, ೨೦೨೧ರಲ್ಲಿ ಸ್ವೀಡನ್ನಿನವರ ಪಾಲಾಯಿತು. ಅಮೆರಿಕದ ಅಜ್ಜಿಯರು ಬೆಂಗಳೂರಿನವರು ಹೆಣೆದ ಪದಬಂಧವನ್ನು ಬಿಡಿಸುತ್ತಾರೆಂದರೆ ಕನ್ನಡ ಮೇಷ್ಟ್ರಿಗೆ ಸಂತೋಷವೇ. ನಮ್ಮ ಒತ್ತಕ್ಷರಗಳ ಮೇಲೂ ಅಂಥ ಕೈ ಬಿದ್ದೀತೆ ಎಂಬ ಆಸೆಯನ್ನು ಮಾತ್ರ ಬಚ್ಚಿಡಲಾರೆ. ಇರಲಿ, ಚಕ್ರಕ್ಕೆ ಬರೋಣ.

ಮೊದಲು ನಿಜವಾದ ಲಾರಿಯ ಚಕ್ರದ ಹತ್ತಾರು ಛಾಯಾಚಿತ್ರಗಳು ಬರುತ್ತವೆ. ಅವನ್ನು ನೋಡಿ ಹುಡುಗನು ಗಣಕದಲ್ಲಿ ಸಣ್ಣ ಸಣ್ಣ ಮುಖಗಳನ್ನು ಜೋಡಿಸಿ ಚಕ್ರವನ್ನು ಕಡೆಯುತ್ತಾನೆ. ಟೈರಿನ ಗೀರು, ನಟ್ಟು, ತುಕ್ಕಿನ ಕುಳಿ ಎಲ್ಲ ಸೇರಿ ಮುಖಗಳ ಸಂಖ್ಯೆ ಲಕ್ಷಗಳನ್ನು ದಾಟುತ್ತದೆ. ತೊಡಕು ಇರುವುದು ಇಲ್ಲಿಯೇ. ಆಟವು ಸೆಕೆಂಡಿಗೆ ೬೦ ಚಿತ್ರಗಳನ್ನು ಬರೆಯಬೇಕಾದರೆ ಒಂದು ಚಿತ್ರಕ್ಕೆ ಸಿಕ್ಕುವ ಕಾಲ ಒಂದು ಸೆಕೆಂಡಿನ ಸಾವಿರದಲ್ಲಿ ಹದಿನೇಳು ಪಾಲಿಗೂ ಕಡಮೆ. ಅಷ್ಟರೊಳಗೆ ಲಾರಿ, ಬೀದಿ, ಜನ, ಮಳೆ ಎಲ್ಲವನ್ನೂ ಬರೆದು ಮುಗಿಸಬೇಕು. ಆದುದರಿಂದ ಕಡೆದ ಚಕ್ರವನ್ನು ಬದಿಗಿಟ್ಟು, ಅದೇ ಆಕಾರದ, ಕೆಲವೇ ಸಾವಿರ ಮುಖಗಳ ಬಡ ಚಕ್ರವೊಂದನ್ನು ಮಾಡುತ್ತಾನೆ. ಮೊದಲಿನ ಚಕ್ರದ ಉಬ್ಬು ತಗ್ಗುಗಳಲ್ಲಿ ಬೆಳಕು ಹೇಗೆ ಬಾಗುತ್ತಿತ್ತು ಎಂಬುದನ್ನು ಒಂದು ಚಿತ್ರದಲ್ಲಿ ಅಚ್ಚು ಮಾಡಿ ಇದಕ್ಕೆ ಹೊದಿಸುತ್ತಾನೆ. ಹೊದಿಸುವುದಕ್ಕೆ ಮುಂಚೆ ಚಕ್ರದ ಮೈಯನ್ನು, ದರ್ಜಿಯು ಅಂಗಿಯ ಹೊಲಿಗೆ ಬಿಚ್ಚಿ ಬಟ್ಟೆಯನ್ನು ಹರಡಿದಂತೆ, ಹರಡಿಕೊಳ್ಳಬೇಕು. ಮುಗಿದಾಗ ಚಪ್ಪಟೆಯಾದ ಮೈ ಕೆತ್ತಿದಂತೆ ಕಾಣುತ್ತದೆ. ಇದು ನನಗೆ ಅರ್ಥವಾಗಲು ಎರಡು ಭಾನುವಾರ ಹಿಡಿಯಿತು.

ದಿನದ ಕೊನೆಗೆ ಕೆಲಸವನ್ನು ಕಳಿಸಿ ಹುಡುಗನು ಮೆಟ್ರೋ ಹತ್ತುತ್ತಾನೆ. ೨೦೨೩ರ ಅಕ್ಟೋಬರಿನಿಂದ ವೈಟ್‌ಫೀಲ್ಡಿಗೂ ವಿಜಯನಗರಕ್ಕೂ ಒಂದೇ ರೈಲು ಆಗಿರುವುದು ಅವನ ಪಾಲಿನ ಭಾಗ್ಯ. ಇವನು ಮಲಗಿರುವಾಗ ಅಮೆರಿಕದಲ್ಲಿ ಹಗಲು. ಬೆಳಗ್ಗೆ ಬಂದು ನೋಡಿದರೆ ಚಕ್ರದ ಮೇಲೆ ಕೆಂಪು ಗುರುತುಗಳಿರುತ್ತವೆ: ತುಕ್ಕು ಹೆಚ್ಚಾಯಿತು, ಕೆಸರು ಕಡಮೆಯಾಯಿತು. ಮತ್ತೆ ತಿದ್ದಬೇಕು.

ಅಲ್ಲಿ ದಿನವೆಲ್ಲ ಆಡುತ್ತ ಕುಳಿತಿರುತ್ತಾರೆಂದು ನಮ್ಮ ಶಾಲೆಯ ಹುಡುಗರ ಭಾವನೆ. ಆಡುವುದೇ ಕೆಲಸವಾದವರು ಉಂಟು. ಅವರನ್ನು ಟೆಸ್ಟರು ಎನ್ನುತ್ತಾರೆ. ಒಂದೇ ಗೋಡೆಗೆ ನೂರು ಸಲ ಹಾಯ್ದು, ಯಾವ ಮೂಲೆಯಲ್ಲಿ ಮನುಷ್ಯನು ಗೋಡೆಯೊಳಗೆ ಸಿಕ್ಕಿಕೊಳ್ಳುತ್ತಾನೆಂದು ಬರೆದಿಡುವುದು ಅವರ ಕೆಲಸ. ಎಸ್.ಎಸ್.ಎಲ್.ಸಿ. ಮೌಲ್ಯಮಾಪನದಲ್ಲಿ ಒಂದೇ ಪದ್ಯದ ಭಾವಾರ್ಥವನ್ನು ಮುನ್ನೂರು ಸಲ ಓದಿದ ನನಗೆ ಅವರ ಸುಖ ಚೆನ್ನಾಗಿ ಗೊತ್ತು.

ಆಟ ಬಿಡುಗಡೆಯಾಗುವ ಮುಂಚಿನ ತಿಂಗಳುಗಳಲ್ಲಿ ರಾತ್ರಿ, ಭಾನುವಾರಗಳಿರುವುದಿಲ್ಲ. ೨೦೦೪ರಲ್ಲಿ ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿಯ ನೌಕರನೊಬ್ಬನ ಮಡದಿಯಾಗಲಿದ್ದ ಹೆಣ್ಣುಮಗಳು ಹೆಸರು ಹಾಕದೆ ಒಂದು ಬಹಿರಂಗ ಪತ್ರ ಬರೆದಳು. ಮನೆಯವರ ಮುಖ ಕಾಣದಷ್ಟು ದುಡಿಮೆಯಾಯಿತೆಂಬುದು ಅದರ ಸಾರ. ಆ ಕಾಲದಲ್ಲಿ ನೌಕರರು ಹೂಡಿದ ದಾವೆಯೊಂದರಲ್ಲಿ ಕಂಪನಿ ಒಂದೂವರೆ ಕೋಟಿ ಡಾಲರಿಗೂ ಹೆಚ್ಚು ಕೊಡಬೇಕಾಯಿತು. ಭದ್ರತೆಯ ಮಾತನ್ನೂ ಮುಚ್ಚಿಡಬಾರದು. ೨೦೨೫ರ ಫೆಬ್ರವರಿಯಲ್ಲಿ ಟೆಕ್ನಿಕಲರ್ ಸಂಸ್ಥೆ ಕುಸಿದಾಗ ಬೆಂಗಳೂರು, ಮುಂಬಯಿಗಳಲ್ಲಿ ಸಿನಿಮಾ ದೃಶ್ಯಗಳ, ಆಟಗಳ ಕೆಲಸ ಮಾಡುತ್ತಿದ್ದ ಸುಮಾರು ಮೂರು ಸಾವಿರ ಮಂದಿ ಬೀದಿಗೆ ಬಿದ್ದರು. ಇದನ್ನೂ ಹಿರಿಯರಿಗೆ ಹೇಳಿದೆ. ಹುಡುಗನ ತಾಯಿ ನನ್ನನ್ನು ನೋಡಿದ ನೋಟವನ್ನು ವರ್ಣಿಸಲಾರೆ. ಆದರೆ ಹೆಣ್ಣು ಕೊಡುವವರಿಗೆ ತಿಳಿದಿರಬೇಕಲ್ಲವೆ?

ಆ ತಾಯಿಯ ದುಃಖ ಬೇರೆಯದು. ಮಗನು ಏನು ಮಾಡುತ್ತಿದ್ದಾನೆಂದು ಎರಡು ವರ್ಷ ಆಕೆಗೆ ತಿಳಿಯಲಿಲ್ಲ. "ಹೇಳೋ ಹಾಗಿಲ್ಲಮ್ಮ, ಬರೆಸಿಕೊಂಡಿದ್ದಾರೆ" ಎನ್ನುತ್ತಿದ್ದ. ಆಟ ಹೊರಬಂದ ಮೇಲೆ ಕೊನೆಯಲ್ಲಿ ಎಲ್ಲರ ಹೆಸರೂ ಬರುತ್ತದೆ ಎಂದಿದ್ದ. ಆಕೆ ಕನ್ನಡಕ ಹಾಕಿಕೊಂಡು ಇಪ್ಪತ್ತು ನಿಮಿಷ ಆ ಪಟ್ಟಿಯನ್ನು ನೋಡಿದರು. ಮಗನ ಹೆಸರಿರಲಿಲ್ಲ. ಅವನು ನಾಲ್ಕು ತಿಂಗಳು ಮುಂಚೆ ಬೇರೆ ಕಂಪನಿಗೆ ಹೋಗಿದ್ದ. ಬಿಟ್ಟುಹೋದವರ ಹೆಸರನ್ನು ಹಾಕುವ ರೂಢಿ ಅಲ್ಲಿರಲಿಲ್ಲವಂತೆ.

ಈ ಜಗಳ ಕಸುಬಿನಷ್ಟೇ ಹಳೆಯದು. ಅಟಾರಿ ಕಂಪನಿಯು ಆಟ ಮಾಡಿದವರ ಹೆಸರನ್ನು ಹಾಕುತ್ತಿರಲಿಲ್ಲವೆಂದು ನಾಲ್ವರು ೧೯೭೯ರಲ್ಲಿ ಹೊರಬಂದು ಆಕ್ಟಿವಿಷನ್ ಕಟ್ಟಿದರು. ಅದೇ ಅಟಾರಿಯಲ್ಲಿ ವಾರನ್ ರಾಬಿನೆಟ್ ಎಂಬಾತ ‘ಅಡ್ವೆಂಚರ್’ ಎಂಬ ತನ್ನ ಆಟದೊಳಗೆ ಒಂದು ಗುಪ್ತ ಕೋಣೆಯನ್ನು ಮಾಡಿ, ಯಜಮಾನರಿಗೆ ತಿಳಿಸದೆ ಅಲ್ಲಿ ತನ್ನ ಹೆಸರನ್ನು ಬರೆದಿಟ್ಟ. ನಮ್ಮ ಬೇಲೂರಿನಲ್ಲಿ ಇಷ್ಟು ಕಳ್ಳತನ ಬೇಕಾಗಿರಲಿಲ್ಲ. ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಾವು ಕಡೆದ ವಿಗ್ರಹಗಳ ಕೆಳಗೇ ಹೆಸರು ಕೊರೆದರು. ಒಂಬೈನೂರು ವರ್ಷವಾದರೂ ಓದಬಹುದು.

ಹಿರಿಯರು, "ಹೆಸರಿಲ್ಲದಿದ್ದರೆ ಇವರೇ ಮಾಡಿದ್ದು ಅಂತ ಹೇಗೆ ಗೊತ್ತಾಗಬೇಕು?" ಎಂದರು. ಕಾರ್ಖಾನೆಯ ಮನುಷ್ಯ, ನ್ಯಾಯವಾದ ಪ್ರಶ್ನೆ. ಹುಡುಗನು ಮಾತಾಡದೆ ಎದ್ದು ಹೋಗಿ, ಟೀವಿಯಲ್ಲಿ ಆ ಆಟವನ್ನು ಹಾಕಿದ. ಮಳೆಯಲ್ಲಿ ನಿಂತ ಒಂದು ಹಳೆಯ ಲಾರಿ. ಅದರ ಹತ್ತಿರಕ್ಕೆ ಹೋಗಿ ಚಕ್ರದ ಮುಂದೆ ನಿಲ್ಲಿಸಿದ.

ಅಲ್ಲಿಯ ತನಕ ಒಂದೂ ಮಾತಾಡದಿದ್ದ ತಂದೆ ಟೀವಿಯ ಹತ್ತಿರ ಹೋಗಿ ಬಗ್ಗಿ ನೋಡಿದರು. "ನಟ್ಟಿಗೆ ಚ್ಯಾಂಫರ್ ಕೊಟ್ಟಿದ್ದೀಯಲ್ಲೋ!" ಎಂದರು. ಲೇತಿನಲ್ಲಿ ಕಡೆದ ನಟ್ಟಿನ ಚೂಪು ಅಂಚನ್ನು ಕೈ ಕೊಯ್ಯದ ಹಾಗೆ ಸವರುತ್ತಾರಲ್ಲ, ಅದು.

"ನಾವು ಬೆವೆಲ್ ಅಂತೀವಪ್ಪ. ಅದಿಲ್ಲದೆ ಇದ್ದರೆ ಅಂಚಿನ ಮೇಲೆ ಬೆಳಕು ನಿಲ್ಲೋದಿಲ್ಲ, ಸುಳ್ಳು ಅಂತ ಗೊತ್ತಾಗಿಹೋಗುತ್ತೆ. ಶೆಡ್ಡಿನಲ್ಲಿ ನೋಡಿದ್ದೆ."

ಹಿರಿಯರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕುರ್ಚಿಯನ್ನು ಟೀವಿಯ ಕಡೆಗೆ ಎಳೆದುಕೊಂಡರು. "ಒಳಗಿನ ಬೇರಿಂಗು ಮಾಡಿದ್ದೀರೋ?" ಎಂದರು. ತಾಯಿ ಎರಡನೆಯ ಸಲ ಕಾಫಿಗೆ ನೀರಿಡಲು ಒಳಗೆ ಹೋದರು.