ಕರಗಿದ ಲೋಹದೊಳಗಣ ಬಲಗಳು

ಆಳಂದ, ಅಫಜಲಪುರ, ಜೇವರ್ಗಿಗಳ ಮನೆಗಳಲ್ಲಿ ತಾಮ್ರ ಹಿತ್ತಾಳೆಯ ಪಾತ್ರೆಗಳೇ ಬಳಕೆಯಲ್ಲಿದ್ದ ಕಾಲದಲ್ಲಿ ಕಲಾಯಿಯವನು ಎಲ್ಲರಿಗೂ ಬೇಕಾದವನಾಗಿದ್ದನು. ಕಾದ ಪಾತ್ರೆಗೆ ನವಸಾಗರವನ್ನು ಉದುರಿಸಿ, ತವರವನ್ನು ಸೋಕಿಸಿ, ಅರಳೆಯಿಂದ ಒರಸಿದೊಡನೆ ಬೆಳ್ಳಿಯಂತಹ ಹೊಳಪು ಹರಡುವುದು. ಶುದ್ಧ ತವರದಿಂದ ಬಾಧಕವಿಲ್ಲ. ಅಗ್ಗವಾಗಲೆಂದು ಅದರಲ್ಲಿ ಸೀಸ ಬೆರಸಿದರೆ, ಹುಣಿಸೆಯ ಹುಳಿಯು ಆ ಸೀಸವನ್ನು ಸೆಳೆದು ಉಣ್ಣುವವರಿಗೆ, ವಿಶೇಷವಾಗಿ ಮಕ್ಕಳಿಗೆ, ವಿಷವನ್ನಿಕ್ಕುವುದು. ಬೆರಕೆಯು ಕಣ್ಣಿಗೆ ತೋರದು, ಬೆಂಕಿಗೆ ತೋರುವುದು.

ತವರವು ಕರಗುವುದು 232 ಡಿಗ್ರಿ ಸೆಂಟಿಗ್ರೇಡಿನಲ್ಲಿ; ಸೀಸವು 327ರಲ್ಲಿ. ನೂರು ತೊಲದಲ್ಲಿ ಸುಮಾರು 62 ತೊಲ ತವರ, ಉಳಿದುದು ಸೀಸವಾದರೆ, ಆ ಮಿಶ್ರಲೋಹವು 183ಕ್ಕೇ ಕರಗುವುದು! ಇದೇತಕ್ಕೆ? ದ್ರವದಲ್ಲಿ ಎರಡು ಜಾತಿಯ ಪರಮಾಣುಗಳೂ ಸಲೀಸಾಗಿ ಬೆರೆಯುತ್ತವೆ. ಘನದ ಕಟ್ಟುನಿಟ್ಟಾದ ಸಾಲುಗಳಲ್ಲಿ ಒಂದಕ್ಕೊಂದು ಎಡೆಗೊಡುವುದು ಅಲ್ಪ. ಆದುದರಿಂದ ಬೆರಕೆಯು ದ್ರವವಾಗಿಯೇ ಇರಲು ಬಯಸುತ್ತದೆ. ಎಷ್ಟರ ಮಟ್ಟಿಗೆ ಎಂಬುದನ್ನು ನಿರ್ಣಯಿಸುವುದು ಪರಮಾಣುಗಳ ನಡುವಣ ಬಲ.

ಈ ಬಲವನ್ನು ಗಣಿತದಲ್ಲಿ ಹಿಡಿದರೆ, ಪ್ರತಿ ಪರಮಾಣುವಿನ ಚಲನೆಯನ್ನೂ ನ್ಯೂಟನ್ನನ ನಿಯಮದಂತೆ ಹೆಜ್ಜೆಹೆಜ್ಜೆಯಾಗಿ ಲೆಕ್ಕಹಾಕಬಹುದು. ದ್ರವದ ವಿಷಯದಲ್ಲಿ ಇದಕ್ಕೆ ದಾರಿ ತೋರಿದವರು, ಈ ಮೂರು ಊರುಗಳೂ ಒಮ್ಮೆ ಸೇರಿದ್ದ ಸಂಸ್ಥಾನದ ರಾಜಧಾನಿಯಾದ ಹೈದರಾಬಾದಿನಲ್ಲಿ 1927ರಲ್ಲಿ ಜನಿಸಿದ ಅನೀಸುರ್ ರೆಹಮಾನರು. 1964ರಲ್ಲಿ ಅವರು ಅಮೆರಿಕದ ಆರ್ಗಾನ್ ಪ್ರಯೋಗಶಾಲೆಯಲ್ಲಿ, ದ್ರವರೂಪದ ಆರ್ಗಾನ್ ಅನಿಲದ 864 ಪರಮಾಣುಗಳನ್ನು ಗಣಕಯಂತ್ರದಲ್ಲಿ ನಡೆಸಿದರು.

ಆರ್ಗಾನಿನಲ್ಲಿ ಇಬ್ಬಿಬ್ಬರ ವ್ಯವಹಾರವನ್ನು ಕೂಡಿಸಿದರೆ ಬಹುಮಟ್ಟಿಗೆ ಸಾಕು: ತೀರ ಬಳಿ ಬಂದರೆ ನೂಕು, ತುಸು ದೂರವಾದರೆ ಸೆಳೆತ. ಲೋಹದಲ್ಲಿ ಹಾಗಲ್ಲ. ಅಲ್ಲಿ ಇಲೆಕ್ಟ್ರಾನುಗಳು ಎಲ್ಲರ ಸೊತ್ತು. ಸುತ್ತಲಿನ ಸಂದಣಿ ಹೆಚ್ಚಿದಂತೆ ಒಂದೊಂದು ನಂಟಿನ ಬಿಗಿಯೂ ಸಡಿಲುವುದು. 1984ರಲ್ಲಿ ಡಾ ಮತ್ತು ಬಾಸ್ಕೆಸ್ ಎಂಬ ವಿಜ್ಞಾನಿಗಳು ಪ್ರತಿ ಪರಮಾಣುವಿಗೂ ಅದು ಮುಳುಗಿರುವ ಇಲೆಕ್ಟ್ರಾನು ಸಾಂದ್ರತೆಗೆ ತಕ್ಕ ಶಕ್ತಿಯನ್ನು ಸೇರಿಸಿ ಈ ತೊಡಕನ್ನು ಬಿಡಿಸಿದರು. ಆದರೂ ತವರ-ತವರ, ಸೀಸ-ಸೀಸಗಳ ಬಲವನ್ನು ಅರಿತ ಮಾತ್ರಕ್ಕೆ ತವರ-ಸೀಸದ ಬಲ ತಿಳಿಯದು. ಅದನ್ನು ಬೇರೆಯಾಗಿಯೇ ಅಳೆದು ಹೊಂದಿಸಬೇಕು. ಘನಕ್ಕೆ ಒಪ್ಪಿದ ಸೂತ್ರವು ದ್ರವಕ್ಕೆ ಒಪ್ಪದಿರಬಹುದು. ಕ್ಷ-ಕಿರಣಗಳ ಸಾಕ್ಷಿಯೇ ಕಡೆಯ ತೀರ್ಪು.

ಇದು ಬರಿಯ ಪಾಂಡಿತ್ಯವಲ್ಲ. ಯೂರೋಪಿನಲ್ಲಿ 2006ರಿಂದ ವಿದ್ಯುದುಪಕರಣಗಳ ಬೆಸುಗೆಯಲ್ಲಿ ಸೀಸಕ್ಕೆ ಬಹುಮಟ್ಟಿಗೆ ನಿಷೇಧವಾಯಿತು. ಅದರ ಸ್ಥಾನಕ್ಕೆ ಬಂದ ತವರ, ಬೆಳ್ಳಿ, ತಾಮ್ರಗಳ ಬೆರಕೆಯು ಸುಮಾರು 217 ಡಿಗ್ರಿಯಲ್ಲಿ ಕರಗುತ್ತದೆ. ಹೆಚ್ಚು ಕಾವು, ಹೆಚ್ಚು ಖರ್ಚು. ವಿಷವಿಲ್ಲದೆಯೂ ಸುಲಭವಾಗಿ ಕರಗುವ ಲೋಹವನ್ನು ಅರಸುವವರಿಗೆ, ಮೂಸೆಯನ್ನು ಒಲೆಗೇರಿಸುವ ಮೊದಲೇ ಈ ಲೆಕ್ಕವು ಕೈದೀವಿಗೆಯಾಗುವುದು.